ನೀರಿಲ್ಲದ ಗುಡ್ಡಕ್ಕೆ ಕಾಶಿಯ ಬಾವಿ

ಥೇಮ್ಸ್ ದಡದ ಹೆನ್ಲಿ ಪಟ್ಟಣವನ್ನು ಹಿಂದೆ ಬಿಟ್ಟು ಗುಡ್ಡ ಹತ್ತಲು ಶುರುಮಾಡಿದರೆ ರಸ್ತೆ ಸಣ್ಣದಾಗುತ್ತ ಬರುತ್ತದೆ. ಮೊದಲು ನಡುವಿನ ಬಿಳಿ ಗೆರೆ ಮಾಯ, ಆಮೇಲೆ ಅಂಚಿನ ಕಲ್ಲು ಮಾಯ, ಕೊನೆಗೆ ಆಕಾಶವೇ ಮಾಯ. ಎರಡೂ ಬದಿಯ ಬೀಚ್ ಮರಗಳು ಮೇಲೆ ಕೂಡಿಕೊಂಡು ಚಪ್ಪರ ಹಾಕಿವೆ. ಮೇ ತಿಂಗಳ ಮೊದಲ ವಾರ. ಎಲೆ ಈಗಷ್ಟೇ ಬಿಚ್ಚಿದೆ. ಎಷ್ಟು ಎಳೆಯದೆಂದರೆ ಬಿಸಿಲು ಅದರ ಮೇಲೆ ಬೀಳುವುದಿಲ್ಲ, ಅದನ್ನು ಹಾಯ್ದೇ ಬರುತ್ತದೆ. ಕಾರಿನೊಳಗೆ ಕೂತ ನಮ್ಮ ಕೈ, ಮುಖ, ಮಡಿಲ ಮೇಲಿನ ಶಾಲು ಎಲ್ಲವೂ ತಿಳಿಹಸಿರು.

"ಮೇಲಲ್ಲ ಚಿಕ್ಕಮ್ಮ, ಕೆಳಗೆ ನೋಡು" ಎನ್ನುತ್ತಾಳೆ ಕಾರು ನಡೆಸುತ್ತಿರುವ ನನ್ನ ಅಕ್ಕನ ಮಗಳು.

ನೋಡುತ್ತೇನೆ. ಮರಗಳ ಬುಡದಲ್ಲಿ ಮಣ್ಣೇ ಕಾಣುತ್ತಿಲ್ಲ. ನೀಲಿ, ಬರೀ ನೀಲಿ. ಕಣ್ಣು ಹೋದಷ್ಟು ದೂರ ಬ್ಲೂಬೆಲ್ ಹೂ ಹಬ್ಬಿ, ದೂರದಲ್ಲಿ ಅದು ಹೂವೋ ಹೊಗೆಯೋ ತಿಳಿಯದ ಹಾಗೆ ಕಲಸಿಹೋಗಿದೆ. ಗಾಜು ಇಳಿಸಿದರೆ ತಣ್ಣನೆ ಗಾಳಿ, ಅದರ ಜೊತೆ ತೆಳುವಾದ ಸಿಹಿ ವಾಸನೆ. ಮರಗಳು ಪೂರ್ತಿ ಎಲೆ ತುಂಬಿಕೊಂಡು ನೆಲಕ್ಕೆ ನೆರಳು ಕವಿಸುವ ಮೊದಲು, ಸಿಕ್ಕ ಕೆಲವೇ ವಾರಗಳ ಬೆಳಕಿನಲ್ಲಿ ಈ ಹೂಗಳು ತಮ್ಮ ಸಂಸಾರ ಮುಗಿಸಿಬಿಡಬೇಕು. ಅದಕ್ಕೇ ಈ ಆತುರ, ಈ ಸಾಮೂಹಿಕ ಸಡಗರ.

ಕಾಡು ಮುಗಿದು ಬೆಳಕಿಗೆ ಬಂದಾಗ ಊರು ಬಂದಿರುತ್ತದೆ. ಸ್ಟೋಕ್ ರೋ. ಆಕ್ಸ್‌ಫರ್ಡ್‌ಶೈರ್‌ನ ದಕ್ಷಿಣ ತುದಿ, ಚಿಲ್ಟರ್ನ್ ಗುಡ್ಡಸಾಲಿನ ನೆತ್ತಿ. ಆರೇಳು ನೂರು ಜನ. ಒಂದು ಪ್ರಾಥಮಿಕ ಶಾಲೆ, ಒಂದು ಅಂಗಡಿ, ಚರ್ಚು, ಸಭಾಭವನ, ಆಟದ ಬಯಲು. ರೆಡಿಂಗ್ ನಗರದ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಮ್ಮ ಹುಡುಗಿ ಅಲ್ಲಿನ ಅಪಾರ್ಟ್‌ಮೆಂಟ್ ಬಿಟ್ಟು ಇಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆಂದು ಕೇಳಿದಾಗ ಅವಳಮ್ಮ ಗಾಬರಿಯಾಗಿದ್ದಳು. ನಾನು ಟಿಕೆಟ್ ತೆಗೆಸಿದೆ.

ಚೀಲ ಒಳಗಿಟ್ಟು ನಡೆಯೋಣ ಬನ್ನಿ. ಈ ಊರನ್ನು ಕಾಲಿನಿಂದಲೇ ನೋಡಬೇಕು. ಮನೆಗಳ ಗೋಡೆ ನೋಡಿ: ಮೂಲೆಗಳಿಗೆ, ಕಿಟಕಿ ಬಾಗಿಲ ಅಂಚಿಗೆ ಕೆಂಪು ಇಟ್ಟಿಗೆ, ನಡುವೆ ತುಂಬಿರುವುದು ಫ್ಲಿಂಟ್ ಕಲ್ಲು. ಹೊರಗೆ ಬಿಳಿ ಸಿಪ್ಪೆ, ಒಡೆದರೆ ಒಳಗೆ ಗಾಜಿನ ಹೊಳಪಿನ ಕಪ್ಪು. ಶಿಲಾಯುಗದ ಮನುಷ್ಯ ಕೊಡಲಿ ಮಾಡಿಕೊಂಡದ್ದು ಇದೇ ಕಲ್ಲಿನಿಂದ. ಇಲ್ಲಿ ಹೊಲ ಉತ್ತರೆ ಗೆಣಸಿನ ಹಾಗೆ ಮೇಲೆದ್ದು ಬರುತ್ತದೆ. ಮಳೆ ನಿಂತು ಬಿಸಿಲು ಬಿದ್ದ ಈ ಗಳಿಗೆಯಲ್ಲಿ ಒಂದೊಂದು ಗೋಡೆಯಲ್ಲೂ ನೂರಾರು ಕಪ್ಪು ಕಣ್ಣುಗಳು ಮಿನುಗುತ್ತಿವೆ. 1846ರಲ್ಲಿ ಕಟ್ಟಿದ ಸೇಂಟ್ ಜಾನ್ ಚರ್ಚಿನ ಗೋಡೆಯೂ ಇದೇ ಕಲ್ಲಿನದು. ಬೇಲಿಗಳ ತುಂಬ ಬಿಳಿ ಹಾಥಾರ್ನ್ ಹೂ. ಒಂದು ಗೇಟಿನ ಪಕ್ಕ ಸ್ಟೂಲಿನ ಮೇಲೆ ಅರ್ಧ ಡಜನ್ ಮೊಟ್ಟೆಯ ಪೆಟ್ಟಿಗೆಗಳು, ಬೆಲೆ ಬರೆದ ರಟ್ಟು, ದುಡ್ಡು ಹಾಕಲು ಒಂದು ತಗಡಿನ ಡಬ್ಬಿ. ಕಾಯುವವರು ಯಾರೂ ಇಲ್ಲ. ಚಿಲ್ಲರೆ ಡಬ್ಬಿಯೊಳಗೆ ಬಿದ್ದ ಸದ್ದಿಗೆ ಒಳಗೆಲ್ಲೋ ಒಂದು ನಾಯಿ ಬೊಗಳಿ, ಲೆಕ್ಕ ಸರಿಯಾಗಿದೆ ಎಂಬಂತೆ ಸುಮ್ಮನಾಗುತ್ತದೆ.

ಇಷ್ಟೇ ಆಗಿದ್ದರೆ ಇದು ಕ್ಯಾಲೆಂಡರಿನ ಚಿತ್ರದ ಮತ್ತೊಂದು ಇಂಗ್ಲಿಷ್ ಹಳ್ಳಿ. ಆದರೆ ರಸ್ತೆ ತುಸು ಹೊರಳುತ್ತದೆ, ಚೆರ್ರಿ ಮರಗಳ ಸಂದಿಯಿಂದ ಒಂದು ಗುಮ್ಮಟ ಕಾಣುತ್ತದೆ. ತುದಿಯಲ್ಲಿ ಕಳಶ. ಕೆಳಗೆ ಎರಕದ ಕಬ್ಬಿಣದ ಕಂಬಗಳು, ಸುತ್ತಲೂ ತೆರೆದ ಮಂಟಪ. ಮಂಟಪದ ನಡುವೆ, ಹಲ್ಲುಗಾಲಿಗಳ ಮೇಲೆ, ಬಂಗಾರದ ಬಣ್ಣ ಬಳಿದ ಒಂದು ಆನೆ.

ಆನೆ! ಈ ಚಳಿಯ ಗುಡ್ಡದಲ್ಲಿ, ಬೀಚ್ ಮರದ ಕಾಡಿನಲ್ಲಿ, ಅಂಚೆ ಡಬ್ಬಿಯಿಂದ ಕೂಗಳತೆಯಲ್ಲಿ. ನಾನು ನಿಂತಲ್ಲೇ ನಿಂತೆ. ಹುಡುಗಿ ಪಕ್ಕದಲ್ಲಿ ಕಿಸಕ್ಕನೆ ನಗುತ್ತಿದ್ದಾಳೆ. ಇದನ್ನು ಮೊದಲೇ ಹೇಳದೆ ಬಚ್ಚಿಟ್ಟದ್ದು ಈ ನೋಟಕ್ಕಾಗಿಯೇ. ಮಂಟಪದ ಅಂಚಿನ ಸುತ್ತ ದೊಡ್ಡಕ್ಷರದಲ್ಲಿ ಬರೆದಿದ್ದಾರೆ, ಈ ಬಾವಿಯನ್ನು ಕೊಟ್ಟವನು ಭಾರತದ ಬನಾರಸಿನ ಮಹಾರಾಜ ಎಂದು.

ಆನೆಯ ಕೆಳಗಿರುವುದು ಬಾವಿ. ಬಾಯಿ ನಾಲ್ಕೇ ಅಡಿ ಅಗಲ. ಆಳ 368 ಅಡಿ. ದೆಹಲಿಯ ಕುತುಬ್ ಮಿನಾರನ್ನು ಇದರೊಳಗೆ ಇಳಿಸಿದರೆ ಅದರ ತಲೆಯ ಮೇಲೆ ಇನ್ನೂ ಅರ್ಧ ಮಿನಾರಿನಷ್ಟು ಜಾಗ ಉಳಿಯುತ್ತದೆ. ಇಷ್ಟನ್ನೂ ಕೈಯಲ್ಲೇ ತೋಡಿದ್ದಾರೆ. ಒಬ್ಬನೇ ಮನುಷ್ಯ ಬಗ್ಗಿ ಗುದ್ದಲಿ ಆಡಿಸುವಷ್ಟು ಅಗಲದಲ್ಲಿ, ತಲೆಯ ಮೇಲಿನ ಆಕಾಶ ಕಾಸಿನಗಲಕ್ಕೆ ಕುಗ್ಗುತ್ತ, ಆಮೇಲೆ ಚುಕ್ಕೆಯಾಗುತ್ತ ಹೋದಂತೆ, ಸುಣ್ಣಕಲ್ಲಿನ ಬಿಳಿ ಕತ್ತಲಲ್ಲಿ. ರಾಜನ ಹೆಸರು ದೊಡ್ಡಕ್ಷರದಲ್ಲಿದೆ. ಆ ತಳದಲ್ಲಿ ಕೂತು ಕೆತ್ತಿದವರನ್ನು ನೆನೆದು ನನಗೆ ಅಂಗೈ ಬೆವೆತಿತು.

ಬಾವಿ ಏಕೆ ಬೇಕಾಯಿತು? ಇಷ್ಟು ಹಸಿರು, ಇಷ್ಟು ಮಳೆ, ಆದರೂ ಬರವೇ? ಉತ್ತರ ಕಾಲಡಿಯಲ್ಲೇ ಇದೆ. ಚಿಲ್ಟರ್ನ್ ಗುಡ್ಡಗಳೆಂದರೆ ಮೃದುವಾದ ಸುಣ್ಣಕಲ್ಲಿನ ರಾಶಿ. ಸುರಿದ ಮಳೆಯನ್ನೆಲ್ಲ ಅದು ಕುಡಿದು ನೂರಾರು ಅಡಿ ಕೆಳಗೆ ಇಳಿಸಿಬಿಡುತ್ತದೆ. ಗುಡ್ಡದ ಮೇಲೆ ಹೊಳೆಯಿಲ್ಲ, ಹಳ್ಳವಿಲ್ಲ, ಒರತೆಯಿಲ್ಲ. ಜೇಡಿಮಣ್ಣಿನ ಗುಂಡಿಗಳಲ್ಲಿ ನಿಂತ ಮಳೆನೀರೇ ಊರಿಗೆ ಗತಿ. ಬೇಸಿಗೆಯಲ್ಲಿ ಅದೂ ಬತ್ತಿದರೆ ಮೈಲಿಗಟ್ಟಲೆ ಹೊರಬೇಕು. ಒಬ್ಬರು ಅನ್ನ ಬೇಯಿಸಿದ ನೀರಿನಲ್ಲೇ ಇನ್ನೊಬ್ಬರು ಪಾತ್ರೆ ತೊಳೆಯುವ ಬಾಳು ನಮ್ಮ ಬಯಲುಸೀಮೆಗೆ ಹೊಸದಲ್ಲ. ಅದು ಇಂಗ್ಲೆಂಡಿನಲ್ಲೂ ಇತ್ತು, ಅದೂ ಪ್ರಪಂಚದ ಕಾಲುಭಾಗವನ್ನು ಆಳಲು ಹೊರಟಿದ್ದ ಇಂಗ್ಲೆಂಡಿನಲ್ಲಿ.

ಇಲ್ಲಿಂದ ಕೆಲವೇ ಮೈಲಿ ದೂರದ ಇಪ್ಸ್‌ಡನ್ನಿನ ಜಮೀನ್ದಾರಿ ಮನೆತನದವನು ಎಡ್ವರ್ಡ್ ಆಂಡರ್ಡನ್ ರೀಡ್. ಕಾದಂಬರಿಕಾರ ಚಾರ್ಲ್ಸ್ ರೀಡ್‌ನ ಅಣ್ಣ. ಕಂಪನಿ ಸರ್ಕಾರದ ಅಧಿಕಾರಿಯಾಗಿ ಉತ್ತರ ಭಾರತದಲ್ಲಿ ದಶಕಗಳನ್ನು ಕಳೆದವನು. 1831ರಲ್ಲಿ ಆಜಂಗಢದಲ್ಲಿ ಜನರಿಗಾಗಿ ಒಂದು ಬಾವಿ ತೋಡಿಸಲು ನೆರವಾಗಿದ್ದ. ಬನಾರಸಿನ ಮಹಾರಾಜ ಈಶ್ವರಿ ಪ್ರಸಾದ್ ನಾರಾಯಣ ಸಿಂಗನಿಗೂ ಇವನಿಗೂ ಸ್ನೇಹ. ಮಾತಿನ ನಡುವೆ ತನ್ನೂರಿನ ಕಡೆಯ ಒಂದು ಸಂಗತಿ ಹೇಳಿದನಂತೆ: ಬರಗಾಲದ ಒಂದು ದಿನ, ಮನೆಯಲ್ಲಿ ಉಳಿದಿದ್ದ ಕೊನೆಯ ಗುಟುಕು ನೀರನ್ನು ಕುಡಿದ ತಪ್ಪಿಗೆ ಒಬ್ಬ ಹುಡುಗ ತಾಯಿಯಿಂದ ಹೊಡೆತ ತಿಂದನೆಂದು. ರಾಜ ಅದನ್ನು ಮರೆಯಲಿಲ್ಲ. ರೀಡ್ ಊರಿಗೆ ಮರಳಿದ ಮೇಲೆ ನಿನ್ನ ಜನಕ್ಕೊಂದು ಬಾವಿ ಕೊಡುತ್ತೇನೆಂದು ಹೇಳಿಕಳಿಸಿದ.

1863ರ ಮಾರ್ಚ್‌ನಲ್ಲಿ ಗುದ್ದಲಿ ಬಿತ್ತು. 1864ರ ಮೇ 24ರಂದು, ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ದಿನ, ಬಾವಿ ಊರಿನದಾಯಿತು. ಖರ್ಚು 353 ಪೌಂಡ್ 13 ಶಿಲ್ಲಿಂಗ್ 7 ಪೆನ್ಸ್. ಆ ಏಳು ಪೆನ್ಸನ್ನೂ ಬಿಡದೆ ಬರೆದಿಟ್ಟ ಗುಮಾಸ್ತನಿಗೆ ನನ್ನದೊಂದು ನಮಸ್ಕಾರ. ರೀಡ್ ಅಷ್ಟಕ್ಕೇ ನಿಲ್ಲಲಿಲ್ಲ. ಬಾವಿಯ ಖರ್ಚು ಬಾವಿಯೇ ದುಡಿದುಕೊಳ್ಳಲಿ ಎಂದು ಪಕ್ಕದಲ್ಲಿ ಚೆರ್ರಿ ತೋಪು ಹಾಕಿಸಿದ, ಹಣ್ಣು ಮಾರಿ ರಿಪೇರಿ. ತೋಪಿಗೆ ರಾಜನ ನೆನಪಿನಲ್ಲಿ ಈಶ್ರೀ ಬಾಗ್ ಎಂದು ಹೆಸರಿಟ್ಟ. ರಾಜನ ಲಾಂಛನದಲ್ಲಿ ಮೀನಿತ್ತು. ಮೀನಿನ ಆಕಾರದಲ್ಲೊಂದು ಕೊಳ ತೋಡಿಸಿ ಮತ್ಸ್ಯ ಎಂದ. ಅಗೆದ ಮಣ್ಣಿನ ದಿಬ್ಬಕ್ಕೆ ಪ್ರಭು ಟೀಲಾ ಎಂದ. ಈಗಲೂ ಈ ಊರಿನ ಬಿಳಿಗೂದಲ ಅಜ್ಜಿಯರು, ನಾಯಿ ಹಿಡಿದು ಹೊರಟ ಮೇಷ್ಟರುಗಳು ಈ ಹೆಸರುಗಳನ್ನು ಸಲೀಸಾಗಿ ಹೇಳುತ್ತಾರೆ.

ಬಾವಿ ತೋಡಿಸುವುದು ಪುಣ್ಯ ಎಂದು ಕೇಳುತ್ತ ಬೆಳೆದ ನಮಗೆ ಎದೆಯುಬ್ಬುವುದು ಸಹಜ. ನನಗೂ ಉಬ್ಬಿತು. ಆದರೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. 1857ರಲ್ಲಿ ಉತ್ತರ ಭಾರತ ಹೊತ್ತಿ ಉರಿದಾಗ ಈ ರಾಜ ಇಂಗ್ಲಿಷರ ಪಕ್ಷ ಬಿಡಲಿಲ್ಲ, ರೀಡ್ ಆಗ ಆಗ್ರಾದಲ್ಲಿ ಹಿರಿಯ ಅಧಿಕಾರಿ. ಸ್ನೇಹಕ್ಕೆ ರಾಜಕಾರಣದ ಬೇರೂ ಇತ್ತು. ಬಾವಿಗೆ ಬಂದ ಹಣವೂ ಕೊನೆಗೆ ಗಂಗೆಯ ಬಯಲಿನ ರೈತನ ಕಂದಾಯವೇ. 1882ರಲ್ಲಿ ವಿಕ್ಟೋರಿಯಾ ರಾಣಿ ಕೊಲೆಯತ್ನದಿಂದ ಪಾರಾದಾಗ ಇದೇ ರಾಜ ಈ ಊರಿನವರಿಗೆ ಬ್ರೆಡ್ಡು, ಚಹಪುಡಿ, ಸಕ್ಕರೆ ಹಂಚಿಸಿದ್ದ. ಇಷ್ಟೆಲ್ಲ ಗೊತ್ತಿದ್ದೂ ಆ ಕಬ್ಬಿಣದ ಹಿಡಿಯನ್ನು ಮುಟ್ಟಿದಾಗ ಮೈ ಜುಮ್ಮೆನ್ನುವುದು ತಪ್ಪಲಿಲ್ಲ. ಬಾಯಾರಿದ ಹುಡುಗನಿಗೆ ರಾಜಕಾರಣ ಯಾವುದಾದರೇನು, ನೀರು ಬಂತಲ್ಲ.

ತೋಟದಲ್ಲಿ ಹೂವಿನ ಮಡಿಯ ಕಳೆ ಕೀಳುತ್ತಿದ್ದ ಒಬ್ಬ ಹೆಂಗಸು ಎದ್ದು ಸೊಂಟ ನೀವಿಕೊಳ್ಳುತ್ತಾರೆ. ಎಂಬತ್ತರ ಆಸುಪಾಸು, ಕೈಗವಸಿನ ತುಂಬ ಮಣ್ಣು. ಹವಾಮಾನದ ಮಾತು ಮೊದಲು. ಅದಿಲ್ಲದೆ ಇಲ್ಲಿ ಯಾವ ಮಾತಿಗೂ ಬಾಗಿಲು ತೆರೆಯುವುದಿಲ್ಲ. ಆಮೇಲೆ ನಾನು ಭಾರತದವಳೆಂದು ತಿಳಿದು ಮುಖ ಅರಳುತ್ತದೆ. ಅವರ ಅಮ್ಮ ಹುಡುಗಿಯಾಗಿದ್ದಾಗ ಇಲ್ಲಿ ನೀರು ಸೇದಿದವರು. ತುಂಬಿದ ಬಕೆಟ್ ಮೇಲೆ ಬರಲು ಹತ್ತು ನಿಮಿಷ ಹಿಡಿ ತಿರುಗಿಸಬೇಕಿತ್ತು, ಚಳಿಗಾಲದಲ್ಲಿ ಕೈ ಕಬ್ಬಿಣಕ್ಕೆ ಅಂಟುತ್ತಿತ್ತು, ಆ ಹತ್ತು ನಿಮಿಷದಲ್ಲೇ ಊರಿನ ಮದುವೆ, ಜಗಳ, ಬಸಿರು ಬಾಣಂತನ ಎಲ್ಲ ಚರ್ಚೆಯಾಗುತ್ತಿತ್ತಂತೆ. "ನಲ್ಲಿ ಬಂತು, ಸುದ್ದಿ ನಿಂತಿತು" ಎಂದು ನಗುತ್ತಾರೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬಾವಿಯ ಬಳಕೆ ನಿಂತಿತ್ತು. 1964ರಲ್ಲಿ ಬಾವಿಗೆ ನೂರು ತುಂಬಿದಾಗ ರಾಜಕುಮಾರ ಫಿಲಿಪ್ ಇಲ್ಲಿಗೆ ಬಂದಿದ್ದ. ಕಾಶಿಯಿಂದ ತರಿಸಿದ ಗಂಗೆಯ ನೀರನ್ನು ಅಂದು ಈ ಬಾವಿಯ ನೀರಿಗೆ ಬೆರೆಸಿದರು.

ಊರಿನ ಬೆನ್ನಿಗೇ ಮತ್ತೆ ಕಾಡು. ಒಳಗೆ ಕಾಲಿಟ್ಟರೆ ಹೆಜ್ಜೆಯ ಸದ್ದೂ ಇಲ್ಲ, ಹೋದ ವರ್ಷದ ತಾಮ್ರದ ಬಣ್ಣದ ಎಲೆ ಅಷ್ಟು ದಪ್ಪಕ್ಕೆ ಹಾಸಿದೆ. ಎಲ್ಲೋ ಮರಕುಟಿಗ ಕುಟ್ಟುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ಮೌನ ಇರಲಿಲ್ಲ. ಬಾಡ್ಜರ್ ಎಂದು ಕರೆಸಿಕೊಳ್ಳುತ್ತಿದ್ದ ಕುಶಲಕರ್ಮಿಗಳು ಇಲ್ಲೇ ಗುಡಿಸಲು ಹಾಕಿಕೊಂಡು, ಬಾಗಿದ ಎಳೆಮರದ ತುದಿಗೆ ಹಗ್ಗ ಕಟ್ಟಿ, ಕೆಳಗೆ ಹಲಗೆ ತುಳಿದು ಚರಕಿ ಆಡಿಸುತ್ತಿದ್ದರು. ಹಸಿ ಬೀಚ್ ಮರ ಉರುಳುತ್ತ ಕುರ್ಚಿಯ ಕಾಲಾಗುತ್ತಿತ್ತು. ರಾಶಿ ರಾಶಿ ಕಾಲುಗಳು ಗಾಡಿಯೇರಿ ಹೈ ವಿಕಂ ಪಟ್ಟಣದ ಕುರ್ಚಿ ಕಾರ್ಖಾನೆಗಳಿಗೆ ಹೋಗುತ್ತಿದ್ದವು. ದುಡಿದವನ ಗುಡಿಸಲಲ್ಲಿ ಕೂರಲು ಇದ್ದದ್ದು ಬಹುಶಃ ಮರದ ಕೊರಡೇ. ಆ ಬಡವರ ಎರಡು ಕೋಣೆಯ ಮನೆಗಳು ಈಗ ಗುಲಾಬಿ ಬಳ್ಳಿ ಹಬ್ಬಿಸಿಕೊಂಡು ಲಂಡನ್ನಿಗೆ ಓಡಾಡುವವರ ಕೈಸೇರಿವೆ. ಈ ಊರಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಇಲ್ಲೊಂದು ಮನೆ ಕೊಳ್ಳುವುದು ಕನಸು. ನಮ್ಮ ಹುಡುಗಿಯ ಬಾಡಿಗೆ ಎಷ್ಟೆಂದು ಕೇಳಿದೆ. ಅವಳು ಹೇಳಿದಳು. ಅದನ್ನು ರೂಪಾಯಿಗೆ ತಿರುಗಿಸಿ ನೋಡಲು ಧೈರ್ಯ ಬರಲಿಲ್ಲ.

"ಮೇ ತಿಂಗಳಲ್ಲಿ ಬಂದು ಸ್ವರ್ಗ ಅನ್ನಬೇಡ, ಡಿಸೆಂಬರಿನಲ್ಲಿ ಬಾ" ಎನ್ನುತ್ತಾಳೆ ಅವಳು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲು. ಕಿಟಕಿಯ ಹೊರಗೆ ಕಾಡಿಗೆ ಬಳಿದಂಥ ಕಪ್ಪು. ಮನೆ ಬೆಚ್ಚಗಿಡುವ ಬಾಯ್ಲರಿಗೆ ಹಿತ್ತಲಿನ ಟ್ಯಾಂಕಿನಲ್ಲಿ ಎಣ್ಣೆ ಇದೆಯೇ ಎಂದು ಕೋಲು ಅದ್ದಿ ನೋಡಬೇಕು. ಗಾಳಿಗೆ ಬೀಚ್ ಕೊಂಬೆ ತಂತಿಯ ಮೇಲೆ ಬಿದ್ದರೆ ಕರೆಂಟು ಹೋಯಿತು. ಬಸ್ಸು ಅಪರೂಪ. ಕಾರಿಲ್ಲದವನಿಗೆ ಈ ಊರಲ್ಲಿ ಬದುಕಿಲ್ಲ. ಕೊತ್ತಂಬರಿ ಸೊಪ್ಪು ಬೇಕೆಂದರೂ ರೆಡಿಂಗ್‌ಗೇ ಹೋಗಬೇಕು. ಹಾಗಾದರೆ ಇಲ್ಲೇಕೆ ಇದ್ದೀಯೆ ಎಂದೆ. ಬಂದ ಮೊದಲ ಚಳಿಗಾಲ ಜ್ವರ ಹಿಡಿದು ಮಲಗಿದ್ದಾಗ, ಎರಡು ದಿನ ಹೊರಗೆ ಕಾಣಿಸದ ಇವಳಿಗಾಗಿ ಯಾರೋ ಬಾಗಿಲ ಮುಂದೆ ಸೂಪಿನ ಪಾತ್ರೆ ಇಟ್ಟು ಹೋಗಿದ್ದರಂತೆ. ಯಾರೆಂದು ಇಂದಿಗೂ ಒಪ್ಪಿಕೊಂಡಿಲ್ಲ. ಪಾತ್ರೆ ಇವಳ ಅಡುಗೆಮನೆಯಲ್ಲೇ ಇದೆ, ಅದರಲ್ಲೀಗ ಹುಳಿ ಕುದಿಯುತ್ತದೆ. ಅದೇ ಕಣ್ಣುಗಳು ಇವಳ ಮನೆಗೆ ಯಾವ ಕಾರು ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂಬುದನ್ನೂ ಎಣಿಸುತ್ತವೆ ಅನ್ನಿ. ಹಳ್ಳಿ ಎಲ್ಲಿದ್ದರೂ ಸೂಪು ಬೇರೆ ಕಣ್ಣು ಬೇರೆ ಮಾಡಿ ಕೊಡುವುದಿಲ್ಲ.

ಕಾಡಿನಿಂದ ಹೊರಬಿದ್ದು ಇಪ್ಸ್‌ಡನ್ ಕಡೆಗೆ ಕಾಲುದಾರಿ ಹಿಡಿಯೋಣ. ಈ ದೇಶದ ದೊಡ್ಡ ಸಂಪತ್ತು ಈ ಕಾಲುದಾರಿಗಳೇ ಎಂದು ನನಗೆ ಅನಿಸಿದೆ. ಖಾಸಗಿ ಹೊಲದ ನಟ್ಟನಡುವೆ ದಾರಿ ಹಾಯ್ದಿದೆ, ಬೇಲಿ ದಾಟಲು ಮರದ ಮೆಟ್ಟಿಲಿದೆ, ಜಮೀನು ಯಾರದೇ ಆಗಿರಲಿ ನಡೆಯುವ ಹಕ್ಕು ಎಲ್ಲರದು. ರೈತ ಗೋಧಿ ಬಿತ್ತಿದರೂ ದಾರಿಯಗಲ ಬಿಟ್ಟುಕೊಡಬೇಕು. ಮೊಣಕಾಲೆತ್ತರದ ಹಸಿರು ಪೈರಿನ ನಡುವೆ, ಬೈತಲೆ ತೆಗೆದಂಥ ಮಣ್ಣಿನ ಗೆರೆಯ ಮೇಲೆ ನಾವಿಬ್ಬರೂ ಹಿಂದೆ ಮುಂದೆ ನಡೆಯುತ್ತೇವೆ. ತಲೆಯ ಮೇಲೆ ಸಿಳ್ಳೆ. ಕವಲು ಬಾಲದ ಕೆಂಪು ಹದ್ದು ರೆಕ್ಕೆ ಬಡಿಯದೆ ತೇಲುತ್ತಿದೆ, ಅದರ ಹಿಂದೆ ಇನ್ನೊಂದು, ಮತ್ತೊಂದು. ಬೇಟೆಗೂ ವಿಷಕ್ಕೂ ಸಿಕ್ಕು ಇಂಗ್ಲೆಂಡಿನಿಂದಲೇ ಅಳಿಸಿಹೋಗಿದ್ದ ಹಕ್ಕಿ ಇದು. 1989ರಿಂದ ಕೆಲವು ವರ್ಷ ಸ್ಪೇನಿನಿಂದ ಮರಿಗಳನ್ನು ತಂದು ಈ ಗುಡ್ಡಗಳಲ್ಲಿ ಬಿಟ್ಟರು. ಈಗ ಹಿತ್ತಲಲ್ಲಿ ಊಟ ಮಾಡುವವರ ತಟ್ಟೆಗೂ ಎರಗುವಷ್ಟು ಸಲುಗೆ. ದೂರದಲ್ಲಿ ಥೇಮ್ಸ್ ಕಣಿವೆ ನೀಲಿಯಾಗಿ ಚಾಚಿಕೊಂಡಿದೆ. ಆ ಕಡೆಯ ಹೊಲದಂಚಿನಲ್ಲಿ ಒಂದು ಕಲ್ಲಿನ ಕಂಬ. ಎಡ್ವರ್ಡ್ ರೀಡ್‌ನ ಅಣ್ಣ ಜಾನ್ ಥರ್ಲೋ ರೀಡ್‌ನ ನೆನಪಿಗೆ ನಿಲ್ಲಿಸಿದ್ದು. 1827ರಲ್ಲಿ ಸಹಾರನ್‌ಪುರದಲ್ಲಿ ತೀರಿಕೊಂಡವನು. ಒಬ್ಬ ಮಗನನ್ನು ನಮ್ಮ ನೆಲ ಇಟ್ಟುಕೊಂಡಿತು, ಇನ್ನೊಬ್ಬ ಬಾವಿ ಹಿಡಿದುಕೊಂಡು ಮರಳಿದ. ಕಂಬದ ಸುತ್ತ ಕುರಿಗಳು ಇದಾವುದರ ಗೊಡವೆಯಿಲ್ಲದೆ ಮೇಯುತ್ತಿವೆ.

ಸಂಜೆ ಏಳಾದರೂ ಬಿಸಿಲು. ಊರಿನ ಕ್ರುಕೆಡ್ ಬಿಲೆಟ್ ಎಂಬ ಹಳೆಯ ಪಬ್ಬಿನ ಮುಂದೆ ಹಾದು ಬರುತ್ತೇವೆ: ಬಗ್ಗಿದ ತೊಲೆ, ತಲೆ ತಾಗುವ ಬಾಗಿಲು, ಬೆಂಕಿಗೂಡಿನಿಂದ ಹೊಗೆಯ ವಾಸನೆ. ಟೈಟಾನಿಕ್ ಚಿತ್ರದ ಕೇಟ್ ವಿನ್‌ಸ್ಲೆಟ್ 1998ರಲ್ಲಿ ತನ್ನ ಮದುವೆಯ ಊಟ ಹಾಕಿಸಿದ್ದು ಇಲ್ಲೇ, ಸಾಸೇಜು ಮತ್ತು ನುರಿದ ಆಲೂಗಡ್ಡೆ. ಸಸ್ಯಾಹಾರಿಗೆ ಉಳಿಯುವುದು ಆಲೂಗಡ್ಡೆ ಮಾತ್ರ. ಆದರೆ ಇಂದು ಪಬ್ಬಿಗೆ ಹೊತ್ತಿಲ್ಲ, ಸಭಾಭವನದಲ್ಲಿ ಗ್ರಾಮದ ವಾರ್ಷಿಕ ಸಭೆ. 1894ರ ಕಾನೂನಿನಿಂದ ಇಂಗ್ಲೆಂಡಿನ ಹಳ್ಳಿಗಳಿಗೆ ಪ್ಯಾರಿಷ್ ಕೌನ್ಸಿಲ್‌ಗಳು ಬಂದವು. ಪ್ರತಿ ವರ್ಷ ಮಾರ್ಚ್ ಒಂದರಿಂದ ಜೂನ್ ಒಂದರೊಳಗೆ ಊರಿನ ಮತದಾರರ ಸಭೆ ಸೇರಲೇಬೇಕು.

ಒಳಗೆ ಕಬ್ಬಿಣದ ಕುರ್ಚಿಗಳ ಕಿರುಗುಟ್ಟು, ದೊಡ್ಡ ಕೆಟಲಿನ ಆವಿ, ನಿಂಬೆ ಕೇಕಿನ ಪರಿಮಳ. ನಾನು ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ರಸ್ತೆಗುಂಡಿಯಿಂದ ಶುರುವಾದ ಮಾತು ನಾಯಿಯ ಹೇಲಿಗೆ ತಿರುಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಯಾರ ನಾಯಿಯೆಂದು ಎಲ್ಲರಿಗೂ ಗೊತ್ತು, ಯಾರೂ ಹೆಸರು ಹೇಳರು. ನಾಯಿಯ ಯಜಮಾನನೇ ಎದ್ದುನಿಂತು ಇದು ನಾಚಿಕೆಗೇಡು, ಕ್ರಮ ಕೈಗೊಳ್ಳಬೇಕು ಎಂದು ಆಗ್ರಹಿಸುತ್ತಾನೆ. ಕಾರುಗಳ ವೇಗ, ಬೇಲಿ ಕತ್ತರಿಸದ ನೆರೆಯವನು, ಹೊಸ ಮನೆಗಳು ಬೇಕೇ ಬೇಡವೇ. ದನಿ ಏರುವುದಿಲ್ಲ. ಸಿಟ್ಟು ಬಂದಷ್ಟೂ ಮರ್ಯಾದೆಯ ಪದಗಳು ಹೆಚ್ಚುತ್ತವೆ. ಇದನ್ನು ನಮ್ಮ ಗ್ರಾಮಸಭೆಗಳೂ ಕಲಿಯಲೆಂದು ನಾನು ಹೇಳಲಾರೆ, ನಮ್ಮದರಲ್ಲಿ ಮಜಾ ಹೆಚ್ಚು.

ಕೊನೆಗೆ ಬೇಸಿಗೆಯ ಜಾತ್ರೆಯ ವಿಷಯ ಬರುತ್ತದೆ. ಜಾಮ್ ಯಾರು, ಹಳೆ ಪುಸ್ತಕದ ಮೇಜು ಯಾರು, ಹಗ್ಗಜಗ್ಗಾಟಕ್ಕೆ ಹಗ್ಗ ಎಲ್ಲಿದೆ. ಪಟ್ಟಿ ಹಿಡಿದ ಹೆಂಗಸು ಕನ್ನಡಕದ ಮೇಲಿಂದ ನಮ್ಮ ಸಾಲಿನತ್ತ ನೋಡಿ, ಹೋದ ವರ್ಷದ ಸಮೋಸ ಅರ್ಧ ಗಂಟೆಯಲ್ಲೇ ಮುಗಿದುಹೋಯಿತು, ಈ ಸಲ ಇನ್ನೂರು ಮಾಡಲಾದೀತೇ ಎಂದು ಕೇಳುತ್ತಾರೆ. ನಮ್ಮ ಹುಡುಗಿ ಒಂದು ಕ್ಷಣವೂ ಯೋಚಿಸದೆ ಆಗಲಿ ಎಂದು ತಲೆಯಾಡಿಸಿ, ನನ್ನ ಕಿವಿಯಲ್ಲಿ ಕನ್ನಡದಲ್ಲಿ ಪಿಸುಗುಡುತ್ತಾಳೆ: "ಚಿಕ್ಕಮ್ಮ, ನಿನ್ನ ವಾಪಸ್ ಟಿಕೆಟ್ ಜಾತ್ರೆ ಆದಮೇಲೆ ತಾನೇ?"